ನನ್ನ ಥ್ರಿಲ್ಲರ್‌ನ ಗಂಡ ನಂಬೋ ಹಾಗಿಲ್ಲವಂತೆ. ಓದಿ ಹೇಳಿ

ಕಂಬಳಿಕೊಪ್ಪೆ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಸ್ವಲ್ಪ ಅಡಿಕೆ ತೋಟ ಇದೆ. ಕೊಳೆ ರೋಗದ ಔಷಧಿ ಹೊಡೆದು ಮುಗಿದ ಮೇಲೆ ಮಳೆ ನೋಡುತ್ತಾ ಕೂತು ಬರೆಯೋದು ಅಭ್ಯಾಸ. ಎರಡು ಮಳೆಗಾಲದಿಂದ ಒಂದು ಥ್ರಿಲ್ಲರ್ ಕಾದಂಬರಿ ಹಿಡಿದುಕೊಂಡಿದ್ದೇನೆ. 240 ಪುಟ ಆಗಿದೆ.

ಕಥೆ ಇಷ್ಟೇ. ತೋಟದ ಮಧ್ಯೆ ಒಂಟಿ ಮನೆ. ಮದುವೆಯಾಗಿ ಆರು ವರ್ಷ. ಗಂಡ ಊರಿಗೆಲ್ಲ ಬೇಕಾದವನು. ಸೊಸೈಟಿ ಡೈರೆಕ್ಟರ್, ದೇವಸ್ಥಾನದ ಕಮಿಟಿಯಲ್ಲೂ ಇದ್ದಾನೆ. ಮನೆಯೊಳಗೆ ಬೇರೆಯೇ ಮನುಷ್ಯ, ಹೊಡೆಯುತ್ತಾನೆ. ಒಂದು ಬೆಳಗ್ಗೆ ಅವಳು ಮನೆ ಬಿಟ್ಟು ಶಿವಮೊಗ್ಗಕ್ಕೆ ಬರುತ್ತಾಳೆ. ವಿನೋಬನಗರದಲ್ಲಿ ಒಂದು ರೂಮು ಹಿಡಿದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಎರಡನೇ ಭಾಗ ಪೂರ್ತಿ ಅವನು ಅವಳನ್ನು ಹಿಂಬಾಲಿಸೋದು. ಕೊನೇ ಅಧ್ಯಾಯದಲ್ಲಿ ಅವಳು ಸಿಗಂದೂರಿನ ಲಾಂಚ್ (ಹಿನ್ನೀರು ದಾಟಿಸುವ ದೋಣಿ) ಹತ್ತಿ ತಪ್ಪಿಸಿಕೊಳ್ಳುತ್ತಾಳೆ, ಅವನು ದಡದಲ್ಲೇ ಉಳಿಯುತ್ತಾನೆ. (ಇಬ್ಬರಿಗೂ ಇನ್ನೂ ಹೆಸರಿಟ್ಟಿಲ್ಲ. ಸದ್ಯಕ್ಕೆ ‘ಅವಳು’, ‘ಗಂಡ’.)

ಮೂವರಿಗೆ ಓದೋಕೆ ಕೊಟ್ಟೆ. ಮೂವರದ್ದೂ ಎರಡೇ ದೂರು. ಇವಳು ಆರು ವರ್ಷ ಯಾಕೆ ಸುಮ್ನಿದ್ದಳು, ಮೊದಲೇ ಹೋಗಬಹುದಿತ್ತಲ್ಲ ಅನ್ನೋದು ಒಂದು. ತೋಟ ಇರುವ ಮನುಷ್ಯನಿಗೆ ದಿನಾ 60 ಕಿಲೋಮೀಟರ್ ಬಂದು ಗೋಪಿ ಸರ್ಕಲ್‌ನಲ್ಲಿ ಕಪ್ಪು ಜಾಕೆಟ್ ಹಾಕಿಕೊಂಡು ನಿಲ್ಲೋಕೆ ಪುರುಸೊತ್ತು ಎಲ್ಲಿದೆ ಅನ್ನೋದು ಇನ್ನೊಂದು. ಎರಡನೆಯದು ನನಗೂ ಹೌದು ಅನ್ನಿಸಿತು. ಹನ್ನೊಂದನೇ ಅಧ್ಯಾಯದ ಫೈಲ್ ಹಾಕಿದ್ದೇನೆ. ಅವನು ಹೊಡೆಯೋದು, ಅವಳು ಪೊಲೀಸ್ ಠಾಣೆಗೆ ಹೋಗೋದು, ಅವನು ಜೈಲಿಗೆ ಹೋಗೋದು ಅದರಲ್ಲಿದೆ. ಬೈದರೂ ಪರವಾಗಿಲ್ಲ.

ದುರ್ಗಿಗುಡಿ ಹುಡುಗ

ಅಣ್ಣ, ಗೋಪಿ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತರೆ ನಾಲ್ಕು ಜನ ಪರಿಚಯದವರು ಸಿಗುತ್ತಾರೆ. ‘ಏನ್ರೀ, ಯಾವಾಗ ಬಂದ್ರಿ, ಅಡಿಕೆ ರೇಟು ಏನಾಯ್ತು’ ಅಂತ ಟೀ ಕುಡಿಸೋಕೆ ಎಳ್ಕೊಂಡು ಹೋಗ್ತಾರೆ. ನಿಮ್ಮ ವಿಲನ್ ಅಲ್ಲೇ ಫೇಲ್.

ಹೊಸನಗರದ ಸೊಸೆ

ತಮ್ಮಾ, ಈ ಹುಡುಗ ತಮಾಷೆಗೆ ಹೇಳಿದ್ದರಲ್ಲೇ ನಿನ್ನ ಕಥೆ ಇದೆ ನೋಡು.

ನಿನ್ನ ಗಂಡ ಹಿಂಬಾಲಿಸಬೇಕಾಗಿಯೇ ಇಲ್ಲ. ಅವನು ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾ ಇರಲಿ, ಸಾಕು. ಊರು ತಾನಾಗಿಯೇ ಬಂದು ಹೇಳುತ್ತೆ. ನಮ್ಮ ಕಡೆ ಹೆಂಗಸು ದಣಪೆ (ಬೇಲಿಯ ಬಾಗಿಲು) ದಾಟಿ ರಸ್ತೆಗೆ ಬಂದರೆ ಮೊದಲು ಕೇಳೋದು ಏನು? ‘ಎಲ್ಲಿಗೆ ಹೊರಟಿದ್ದು?’ ಕೆಟ್ಟ ಮನಸ್ಸಿನಿಂದ ಕೇಳೋದಲ್ಲ. ಕೇಳದಿದ್ದರೆ ಅದೇ ಬೇಜಾರು. ಡೈರಿಗೆ ಹಾಲು ಹಾಕೋಕೆ ಬಂದವರು ಕೇಳುತ್ತಾರೆ, ಬಸ್ಸಿನ ಕಂಡಕ್ಟರ್ ಕೇಳುತ್ತಾನೆ, ಪೇಟೆಯಲ್ಲಿ ಇಳಿದರೆ ಜೆರಾಕ್ಸ್ ಅಂಗಡಿಯವಳು ಕೇಳುತ್ತಾಳೆ. ಸಂಜೆಯೊಳಗೆ ಇವರಲ್ಲಿ ಒಬ್ಬರಾದರೂ ಗಂಡನ ಹತ್ತಿರ ‘ಮನೆಯವರು ಇವತ್ತು ಪೇಟೆಗೆ ಬಂದಿದ್ರಲ್ಲ’ ಅಂದೇ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ.

ಅವನು ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತು, ‘ಇವತ್ತು ಜೆರಾಕ್ಸ್ ಯಾವುದಕ್ಕೆ ಮಾಡಿಸಿದ್ದು?’ ಅಂತ ಕೇಳಲಿ. ಸ್ವರ ಏರಿಸೋದೇ ಬೇಡ. ಹುಳಿ ಬಡಿಸುವ ಸೌಟು ಅವಳ ಕೈಯಲ್ಲೇ ಇರಲಿ. ಅಷ್ಟಕ್ಕೆ ಆ ಅಧ್ಯಾಯ ನಿಲ್ಲಿಸು.

ಕಂಬಳಿಕೊಪ್ಪೆ

ಅಕ್ಕಾ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಪುಟ 112ರಲ್ಲಿ ನನ್ನ ಅಂಗಡಿಯವನೂ ಹಾಗೇ ಮಾಡುತ್ತಾನೆ. ಗಂಡ ಕೇಳಿದ ಕೂಡಲೇ ‘ಈಗಷ್ಟೇ ಶಿವಮೊಗ್ಗ ಬಸ್ ಹತ್ತಿದ್ರು’ ಅಂದುಬಿಡುತ್ತಾನೆ. ಕಥೆ ಮುಂದೆ ಓಡಲಿ ಅಂತ ಒಂದೇ ಸಾಲಿನಲ್ಲಿ ಬರೆದು ದಾಟಿಬಿಟ್ಟಿದ್ದೆ.

ಕರಿಕೋಟು

ನಾನು ಶಿವಮೊಗ್ಗದಲ್ಲಿ ವಕೀಲೆ. ಹನ್ನೊಂದನೇ ಅಧ್ಯಾಯ ಓದಿದೆ. ಕಾನೂನಿನ ಕಡೆ ಸ್ವಲ್ಪ ರಿಪೇರಿ ಬೇಕು.

ನಿಮ್ಮ ಎಸ್‌ಐ ‘ಐಪಿಸಿ 354ಡಿ’ ಅನ್ನುತ್ತಾರೆ. ಹಿಂಬಾಲಿಸೋದನ್ನು ಅಪರಾಧ ಮಾಡಿದ್ದು 2013ರ ತಿದ್ದುಪಡಿ, ಆ ಸೆಕ್ಷನ್ ಅದರದ್ದೇ. ಆದರೆ 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿಮ್ಮ ಘಟನೆ ಆಮೇಲಿನದಾದರೆ 78ನೇ ಸೆಕ್ಷನ್ ಅನ್ನಿಸಿ. ಗಂಡನ ಕ್ರೌರ್ಯಕ್ಕಿದ್ದ 498ಎ ಈಗ 85 ಆಗಿದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹಿಂಬಾಲಿಸಿದ ಕೇಸಿನಲ್ಲೇ ಅವನನ್ನು ಜಾಮೀನಿಲ್ಲದೆ ಆರು ತಿಂಗಳು ಒಳಗೆ ಕೂರಿಸಿದ್ದೀರಿ. ಹಾಗಾಗಲ್ಲ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದ್ದರೂ ಅದು ಜಾಮೀನು ಸಿಗುವ ಅಪರಾಧ. ಒಂದು ಸಲ ಶಿಕ್ಷೆಯಾಗಿ ಮತ್ತೆ ಅದೇ ಮಾಡಿದರೆ ಐದು ವರ್ಷದವರೆಗೆ ಹೋಗುತ್ತದೆ, ಆಗ ಜಾಮೀನಿನ ಮಾತು ಬೇರೆ. ಅಂದರೆ ಬೆಳಗ್ಗೆ ಕರೆದುಕೊಂಡು ಹೋದವನು ಸಂಜೆ ಠಾಣೆಯ ಮೆಟ್ಟಿಲು ಇಳಿದು ಬರಬಹುದು. ಅವಳು ಅಂಗಡಿಯಿಂದ ರೂಮಿಗೆ ಹೊರಡುವ ಹೊತ್ತಿಗೆ ಸರಿಯಾಗಿ. ನೀವು ಜೈಲಿಗೆ ಹಾಕಿ ನಿಮ್ಮ ಕಥೆಯನ್ನೇ ತಣ್ಣಗೆ ಮಾಡಿಕೊಂಡಿದ್ದೀರಿ.

ಇನ್ನೊಂದು ವಿಷಯ. ಈ ಸೆಕ್ಷನ್‌ಗೆ ಒಂದು ಸಲ ಹಿಂದೆ ಬಂದರೆ ಸಾಲದು. ಬೇಡ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬರಬೇಕು, ಮಾತಾಡಿಸೋಕೆ ನೋಡಬೇಕು. ಇಲ್ಲವೇ ಅವಳ ಇಂಟರ್ನೆಟ್, ಇಮೇಲ್, ಮೆಸೇಜುಗಳ ಮೇಲೆ ಕಣ್ಣಿಟ್ಟಿರಬೇಕು. ಈ ಕೊನೆಯದನ್ನು ಕಥೆ ಬರೆಯುವವರು ಮರೆತೇ ಬಿಡುತ್ತಾರೆ. ಗಂಡ ಅನ್ನೋ ಕಾರಣಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಬೆಂಗಳೂರಲ್ಲಿರೋ ಸಾಗರದವನು

ಫೋನಿನ ವಿಷಯ ನಾನು ಹೇಳ್ತೇನೆ, ಇದೇ ನನ್ನ ಹೊಟ್ಟೆಪಾಡು.

ಸಿನಿಮಾದಲ್ಲಿ ತೋರಿಸುವ ಹಾಗೆ ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಏನೂ ಬೇಡ. ಹೊಸ ಫೋನ್ ತಂದುಕೊಟ್ಟು ‘ನಾನೇ ಸೆಟ್ ಮಾಡಿ ಕೊಡ್ತೀನಿ’ ಅಂದವನು ಗಂಡ. ಗೂಗಲ್ ಅಕೌಂಟಿನ ಪಾಸ್‌ವರ್ಡ್ ಅವನದ್ದೇ. ಅಲ್ಲಿಗೆ ಮುಗೀತು. ಮ್ಯಾಪ್‌ನಲ್ಲಿ ಲೊಕೇಶನ್ ಶೇರ್ ಆಗಿರುತ್ತೆ, ವಾಟ್ಸಾಪ್ ಅವನ ಲ್ಯಾಪ್‌ಟಾಪಿಗೂ ಜೋಡಿಸಿರುತ್ತೆ. ಅವಳಿಗೆ ಗೊತ್ತೇ ಇರಲ್ಲ.

ಬ್ಯಾಂಕ್ ಇನ್ನೂ ಸುಲಭ. ನಮ್ಮ ಕಡೆ ಎಷ್ಟೋ ಹೆಂಗಸರ ಖಾತೆಗೆ ಗಂಡನ ನಂಬರ್ ಕೊಟ್ಟಿರುತ್ತಾರೆ. ಅವಳು ಶಿವಮೊಗ್ಗದಲ್ಲಿ 500 ರೂಪಾಯಿ ತೆಗೆದರೆ ತೋಟದಲ್ಲಿರೋ ಅವನ ಜೇಬಿನಲ್ಲಿ ಟಿಂಗ್ ಅನ್ನುತ್ತೆ. ಕಾರು ತಗೊಂಡು ಬೆಂಗಳೂರಿಗೆ ಹೊರಟರೆ ಒಂದೊಂದು ಟೋಲ್‌ಗೂ ಫಾಸ್ಟ್ಯಾಗ್ ಮೆಸೇಜ್ ಅವನಿಗೇ.

ಅದಕ್ಕೇ ಅವಳು ಫೋನನ್ನು ಮನೆಯಲ್ಲೇ ಬಿಟ್ಟು ಬರಲಿ. ಒಲೆ ಕಟ್ಟೆ ಮೇಲೆ ಚಾರ್ಜಿಗೆ ಹಾಕಿಟ್ಟು. ಮ್ಯಾಪ್ ನೋಡಿದವನಿಗೆ ಮಧ್ಯಾಹ್ನದವರೆಗೂ ಅವಳು ಮನೆಯಲ್ಲೇ ಇದ್ದಾಳೆ.

ದುರ್ಗಿಗುಡಿ ಹುಡುಗ

ಫೋನೂ ಇಲ್ಲ, ದುಡ್ಡೂ ಇಲ್ಲ. ಆದರೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಅಲ್ವಾ? ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿಗೆ ಪರದಾಡೋ ಸೀನ್ ಹಳೇದಾಯ್ತು.

ನಿಟ್ಟೂರು ಮೇಷ್ಟ್ರು

ಆಯ್ತು ಮಾರಾಯ, ಆದರೆ ನಮ್ಮ ಒಳಗಿನ ಊರುಗಳಿಗೆ ಸರ್ಕಾರಿ ಬಸ್ ಎಲ್ಲಿ ಬರುತ್ತೆ? ಬರೋದೆಲ್ಲ ಪ್ರೈವೇಟ್. ಅದರಲ್ಲಿ ಪುಕ್ಕಟೆ ಇಲ್ಲ. ಆ ಬಸ್ಸಿನ ಡ್ರೈವರ್‌ಗೆ ಗಂಡನ ಜೀಪಿನ ನಂಬರ್ ಸಮೇತ ಗೊತ್ತು. ಸರ್ಕಾರಿ ಬಸ್ ಸಿಗುವ ರಸ್ತೆಯವರೆಗೆ ಅವಳು ನಡೆದೇ ಬರಬೇಕು. ಗುಡ್ಡ ಹತ್ತಿ ಇಳಿದು ಬರಬೇಕು. ಅಲ್ಲಿ ನಿಮಗೆ ಒಂದು ಅಧ್ಯಾಯ ಸಿಗುತ್ತೆ.

ಬಸ್ಸಲ್ಲಿ ಆಧಾರ್ ಕೇಳುತ್ತಾರೆ. ಅದು ಅವನ ಗಾಡ್ರೇಜ್ ಬೀರುವಿನಲ್ಲಿರುತ್ತೆ. ಅಲ್ಲಿಗೆ ಆ ಜೆರಾಕ್ಸ್ ಯಾವುದಕ್ಕೆ ಮಾಡಿಸಿದ್ದು ಅಂತಲೂ ಗೊತ್ತಾಯ್ತಲ್ಲ.

ಇನ್ನೊಂದೆರಡು ಸ್ಥಳೀಯ ಸಂಗತಿ ಹೇಳ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ನಿಮ್ಮ ಕೊನೇ ಅಧ್ಯಾಯದಲ್ಲಿ ಅವಳು ಸಿಗಂದೂರಿನ ಲಾಂಚ್ ಹತ್ತಿ ತಪ್ಪಿಸಿಕೊಳ್ಳುತ್ತಾಳೆ, ಲಾಂಚ್ ಹೊರಟ ಮೇಲೆ ಅವನು ದಡದಲ್ಲೇ ಉಳಿಯುತ್ತಾನೆ ಅಂದಿರಲ್ಲ. ಚೆನ್ನಾಗಿದೆ. ಆದರೆ 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆಯಿತು. ಈಗ ಅವನು ಜೀಪಿನಲ್ಲಿ ಎರಡೇ ನಿಮಿಷಕ್ಕೆ ಆಚೆ ದಡದಲ್ಲಿರುತ್ತಾನೆ. ಲಾಂಚ್ ಬೇಕಾದರೆ ಕಥೆಯನ್ನು ಹಿಂದಕ್ಕೆ ತಗೊಂಡು ಹೋಗಿ. ಆಗ ವಕೀಲಮ್ಮ ಹೇಳಿದ ಹಳೇ ಸೆಕ್ಷನ್ನೇ ಸರಿಯಾಗುತ್ತೆ.

ಮತ್ತೆ ಗೋಡೆ ಮೇಲಿನ ಕೋವಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಕೋವಿಯನ್ನು ಚುನಾವಣೆ ಬಂದಾಗ ಠಾಣೆಯಲ್ಲಿ ಇಡಬೇಕು. ಕಾಡುಹಂದಿ ಕಾಟ ಅಂತ ನಮ್ಮವರು ಪ್ರತಿ ಸಲ ಗೊಣಗುತ್ತಾರೆ. ನಿಮ್ಮವಳು ಹೊರಡುವ ದಿನ ಲೆಕ್ಕ ಹಾಕುವವಳಾದರೆ ಆ ತಿಂಗಳೇ ಹೊರಡುತ್ತಾಳೆ.

ಕಂಬಳಿಕೊಪ್ಪೆ

ಮೇಷ್ಟ್ರೇ! ಕೋವಿ ನಮ್ಮ ಮನೆಯಲ್ಲೂ ಇದೆ, ಪ್ರತಿ ಚುನಾವಣೆಗೂ ಕೊಟ್ಟು ಬರುತ್ತೇನೆ. ಆದರೂ ಹೊಳೆಯಲಿಲ್ಲ.

ಪುಸ್ತಕದ ಹುಳು

ನಾನು ಬೈಯೋಕೆ ಬಂದಿದ್ದೇನೆ, ನೀವೇ ಕರೆದಿದ್ದೀರಿ.

ಹನ್ನೊಂದನೇ ಅಧ್ಯಾಯದಲ್ಲಿ ಒಂದೂವರೆ ಪುಟ ಹೊಡೆತವೇ ಇದೆ. ಯಾವ ಕೈ, ಎಲ್ಲಿ ಬಿತ್ತು, ರಕ್ತ ಎಲ್ಲಿ ಹರಿಯಿತು. ಸೀರೆ ಎಲ್ಲಿ ಜಾರಿತು ಅನ್ನೋದೂ ಇದೆ. ಇದು ಯಾರಿಗಾಗಿ? ಅವಳ ಕಣ್ಣಿನಿಂದ ಬರೆದಿದ್ದರೆ ಸೀರೆ ಜಾರಿದ್ದು ಕಾಣಲ್ಲ. ಅವಳಿಗೆ ಕಾಣೋದು ನೆಲದ ಕಾವಿ ಬಣ್ಣ, ಮಂಚದ ಕೆಳಗೆ ಉರುಳಿಹೋದ ಮಗುವಿನ ಗಿಲಕಿ, ಅಂಥದ್ದು. ಈ ಜಾತಿಯ ಥ್ರಿಲ್ಲರ್‌ಗಳ ಮೇಲೆ ನನಗಿರುವ ಸಿಟ್ಟೇ ಇದು. ಹೆಂಗಸಿನ ನೋವನ್ನು ಬಾಗಿಲ ಸಂದಿಯಿಂದ ನೋಡಿಸುತ್ತವೆ. ಆಗ ಓದುಗನೂ ಕದ್ದು ನೋಡುವವನೇ ಆಗಿಬಿಡುತ್ತಾನೆ.

ಇನ್ನು ‘ಗ್ಯಾಸ್‌ಲೈಟಿಂಗ್’ ಅಂತ ನಿಮ್ಮ ಡಾಕ್ಟರ್ ಪಾತ್ರ ಭಾಷಣ ಮಾಡುತ್ತದೆ. ತೆಗೆಯಿರಿ. ಆ ಮಾತು ಹುಟ್ಟಿದ್ದು 1938ರ ಒಂದು ಇಂಗ್ಲಿಷ್ ನಾಟಕದಿಂದ. ಅದರಲ್ಲಿ ಗಂಡ ಮೇಲಿನ ಮಹಡಿಯಲ್ಲಿ ಕದ್ದು ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿಗೋ, ನಿನಗೆ ತಲೆ ಕೆಟ್ಟಿದೆ ಅಂತ ನಂಬಿಸುತ್ತಾ ಇರುತ್ತಾನೆ. ನಮಗೆ ಇಲ್ಲಿ ಗ್ಯಾಸ್ ದೀಪ ಯಾಕೆ? ತೋಟದ ಪಂಪ್‌ಸೆಟ್ ಸ್ಟಾರ್ಟ್ ಆದರೆ ಮನೆ ಬಲ್ಬ್ ಮಂಕಾಗುತ್ತಲ್ಲ. ಅವನು ಊರಿಗೆ ಹೋಗಿದ್ದೇನೆ ಅಂದ ರಾತ್ರಿ ಬಲ್ಬ್ ಒಮ್ಮೆ ಕುಗ್ಗಲಿ. ಪಂಪ್‌ಹೌಸ್‌ನಲ್ಲಿ ಯಾರೋ ಇದ್ದಾರೆ. ಮಾರನೇ ದಿನ ಕೇಳಿದರೆ ‘ಮಲೆನಾಡಲ್ಲಿ ವೋಲ್ಟೇಜ್ ಯಾವತ್ತು ಸರಿ ಇತ್ತೇ’ ಅಂತ ನಗಲಿ.

ಬೆಂಗಳೂರಲ್ಲಿರೋ ಸಾಗರದವನು

ಅದರ ಜೊತೆ ಉಂಬಳ, ಅಂದರೆ ನಮ್ಮ ಕಾಡಿನ ಜಿಗಣೆ, ಸೇರಿಸಿ. ದಿನವಿಡೀ ಶಿವಮೊಗ್ಗದಲ್ಲಿದ್ದೆ ಅಂತ ಬಂದವನು ಬಚ್ಚಲಿಗೆ ಹೋಗುವಾಗ ಹಿಮ್ಮಡಿ ಹತ್ತಿರ ರಕ್ತ ಇಳಿಯುತ್ತಿರುತ್ತೆ. ಶಿವಮೊಗ್ಗದ ಟಾರ್ ರಸ್ತೆಯಲ್ಲಿ ಉಂಬಳ ಎಲ್ಲಿಂದ ಹತ್ತಿತು? ಅವಳು ನೋಡಿಯೂ ನೋಡದ ಹಾಗೆ ಇರಲಿ.

ಜಗಲಿಕಟ್ಟೆ

ಎಲ್ಲಾ ಸರಿ. ಆದರೆ ಈಗಿನ ಕಾದಂಬರಿಗಳಲ್ಲಿ ಗಂಡಸರೆಲ್ಲ ರಾಕ್ಷಸರೇ. ಸುಳ್ಳು ಕೇಸು ಹಾಕಿ ಮನೆಮಂದಿಯನ್ನೆಲ್ಲ ಕೋರ್ಟಿಗೆ ಅಲೆಸುವವರ ಬಗ್ಗೆ ಯಾರೂ ಬರೆಯಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಇಷ್ಟೆಲ್ಲ ಇಲ್ಲ.

ಕರಿಕೋಟು

ಸುಳ್ಳು ಕೇಸು ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಅದರ ಮೇಲೂ ಕಾದಂಬರಿ ಬರೆಯಿರಿ, ಓದುತ್ತೇನೆ. ಆದರೆ ‘ಇಷ್ಟೆಲ್ಲ ಇಲ್ಲ’ ಅನ್ನೋ ಮಾತಿಗೆ ಒಂದು ಲೆಕ್ಕ ಕೊಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಅಂದ 18ರಿಂದ 49 ವರ್ಷದ ಹೆಂಗಸರು ಕರ್ನಾಟಕದಲ್ಲಿ 2015-16ರಲ್ಲಿ ಶೇ. 20.6 ಇದ್ದರು. 2019-21ರಲ್ಲಿ ಶೇ. 44.4. ಇದು ಕೇಸು ಹಾಕಿದವರ ಲೆಕ್ಕವಲ್ಲ. ಮನೆ ಬಾಗಿಲಿಗೆ ಬಂದು ಕೇಳಿದವರಿಗೆ ಹೌದು ಅಂದವರ ಲೆಕ್ಕ.

ಕಾದಂಬರಿಗೆ ವಾಪಸ್ ಬರೋಣ. ನಿಮ್ಮವಳು ಪೊಲೀಸ್ ಠಾಣೆಗೆ ಮಾತ್ರ ಹೋಗುತ್ತಾಳೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವಳಿಗೆ ಯಾರೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಆಫೀಸು. ಅವರ ಮೂಲಕ ಮ್ಯಾಜಿಸ್ಟ್ರೇಟ್ ಹತ್ತಿರ ಅರ್ಜಿ ಹಾಕಬಹುದು. ಹತ್ತಿರ ಬರಬಾರದು, ಫೋನ್ ಮಾಡಬಾರದು, ಕೆಲಸದ ಜಾಗಕ್ಕೆ ಕಾಲಿಡಬಾರದು ಅಂತ ಆದೇಶ ಸಿಗುತ್ತದೆ. ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆ ಅವನ ಹೆಸರಿನಲ್ಲೇ ಇದ್ದರೂ ಅವಳಿಗೆ ಅಲ್ಲಿ ಇರುವ ಹಕ್ಕಿದೆ. ವಕೀಲರ ಫೀಸಿಗೆ ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ.

ಅವಳು ತೀರ್ಥಹಳ್ಳಿಗೇ ಹೋಗಿ ಅರ್ಜಿ ಹಾಕಬೇಕು ಅಂತಿಲ್ಲ. ಈಗ ಇರುವ ಊರಿನಲ್ಲಿ, ತಾತ್ಕಾಲಿಕವಾಗಿ ಇದ್ದರೂ, ಹಾಕಬಹುದು. ಆದರೆ ಗಂಡನ ಕೈಗೆ ಹೋಗುವ ನೋಟಿಸ್‌ನಲ್ಲಿ ಯಾವ ಊರಿನ ಕೋರ್ಟ್ ಅಂತ ಇರುತ್ತದಲ್ಲ. ಅವಳು ಶಿವಮೊಗ್ಗದಲ್ಲಿದ್ದಾಳೆ ಅಂತ ಅವನಿಗೆ ಮೊದಲು ಖಾತ್ರಿಯಾಗುವುದು ಅವಳನ್ನು ಕಾಪಾಡೋಕೆ ಕಳಿಸಿದ ಕಾಗದದಿಂದಲೇ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಬಿಟ್ಟಿಯಾಗಿ ಕೊಡುತ್ತಿದ್ದೇನೆ.

ಹೊಸನಗರದ ಸೊಸೆ

ವಕೀಲಮ್ಮ ಹೇಳಿದ ಮನೆಯಲ್ಲಿ ಇರುವ ಹಕ್ಕು ಒಳ್ಳೆಯದೇ. ಪೇಟೆಯಲ್ಲಿ. ನಮ್ಮಲ್ಲಿ ಪಕ್ಕದ ಮನೆ ಅಂದರೆ ಒಂದು ಸಂಕ (ಕಾಲುಸೇತುವೆ) ದಾಟಿ, ಗದ್ದೆ ಅಂಚಿನ ಮೇಲೆ ಮುಕ್ಕಾಲು ಕಿಲೋಮೀಟರ್. ಹೆಂಚಿನ ಮೇಲೆ ಮಳೆ ಹೊಡೆಯುವಾಗ ನಡುಮನೆಯಲ್ಲಿ ಕೂಗಿದ್ದು ಅಡಿಗೆಮನೆಗೆ ಕೇಳಲ್ಲ. ಅಂಥ ಮನೆಯಲ್ಲಿ ಹಕ್ಕು ಇಟ್ಟುಕೊಂಡು ರಾತ್ರಿ ಹನ್ನೊಂದು ಗಂಟೆಗೆ ಏನು ಮಾಡೋದು?

ಜಗಲಿಕಟ್ಟೆಯವರಿಗೆ ನಾನು ಉತ್ತರ ಕೊಡಬಾರದು ಅಂದುಕೊಂಡಿದ್ದೆ. ಕೊಡ್ತೇನೆ.

ನಮ್ಮ ಮನೆಗೆ ಬರುವ ದಾರಿ ಒಂದು ಏರು. ಮನೆಯವರ ಜೀಪು ಆ ಏರಿನಲ್ಲಿ ಎರಡನೇ ಗೇರಿನಲ್ಲಿ ಹತ್ತಿದರೆ ಸರಿ ಇದ್ದಾರೆ ಅಂತ. ಕೆಳಗೇ ನಿಂತು, ಮೊದಲನೇ ಗೇರಿಗೆ ಹಾಕಿ ಮುಲುಗುತ್ತಾ ಹತ್ತಿದರೆ ಕುಡಿದಿದ್ದಾರೆ ಅಂತ. ನನಗೆ ಇವತ್ತಿಗೂ ಡ್ರೈವಿಂಗ್ ಬರಲ್ಲ. ಆದರೆ ಗೇರಿನ ಶಬ್ದ ಯಾವ ಮೆಕ್ಯಾನಿಕ್‌ಗಿಂತ ಚೆನ್ನಾಗಿ ಗೊತ್ತು. ಶಬ್ದ ಕೇಳಿ ಮಗುವನ್ನು ಎಬ್ಬಿಸಿ ಅಟ್ಟ ಹತ್ತಿಸೋಕೆ ನಾಲ್ಕು ನಿಮಿಷ ಸಿಗುತ್ತಿತ್ತು. ಮಳೆಗಾಲದಲ್ಲಿ ಅದೂ ಸಿಗುತ್ತಿರಲಿಲ್ಲ.

‘ಯಾಕೆ ಬಿಟ್ಟು ಹೋಗಲಿಲ್ಲ’ ಅಂತ ನಿನ್ನ ಗೆಳೆಯರು ಕೇಳಿದರಂತೆ. ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ತವರಿಗೆ. ಅಮ್ಮ ಎರಡು ದಿನ ಇಟ್ಟುಕೊಂಡು, ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಹಾಕಿ ಮಡಿಲು ತುಂಬಿಸಿ, ಅಪ್ಪನ ಜೊತೆ ವಾಪಸ್ ಕಳಿಸಿದರು. ಎರಡನೇ ಸಲ ತಂಗಿ ಮದುವೆ ಗೊತ್ತಾಗಿದೆ, ಅದು ಮುಗಿಯಲಿ ಅಂದರು. ಮೂರನೇ ಸಲ ಅಡಿಕೆ ಕೊನೆ ಕೊಯ್ಲು, ಇಂಥ ಹೊತ್ತಲ್ಲಿ ಹೀಗೆ ಬರಬಾರದಿತ್ತು ಅಂದರು. ಪ್ರತಿ ಸಲ ಮಡಿಲು ತುಂಬಿಸಿಯೇ ಕಳಿಸಿದ್ದು. ಆ ಅಕ್ಕಿಯಲ್ಲಿ ನಾನೇ ಅನ್ನ ಮಾಡಿ ಮನೆಯವರಿಗೆ ಬಡಿಸಿದ್ದೇನೆ.

ವಾಪಸ್ ಬಂದ ಮೇಲೆ ಮೊದಲ ಎರಡು ವಾರ ಬಹಳ ಪ್ರೀತಿ. ಸೀರೆ, ಮಲ್ಲಿಗೆ, ಆಗುಂಬೆಗೆ ಸೂರ್ಯಾಸ್ತ ನೋಡೋಕೆ ಕರ್ಕೊಂಡು ಹೋಗೋದು. ನಿನ್ನ ಪುಸ್ತಕದಲ್ಲಿ ಆ ಎರಡು ವಾರ ಇಲ್ಲ. ಅದಿಲ್ಲದೆ ಆರು ವರ್ಷ ಯಾರಿಗೂ ಅರ್ಥ ಆಗಲ್ಲ.

ನಿರ್ವಾಹಕರು

ಈ ಚರ್ಚೆ ಓದುತ್ತಿರುವವರಲ್ಲಿ ಇಂಥ ಮನೆಯಲ್ಲಿ ಇರುವವರೂ ಇರಬಹುದು. ಮಹಿಳಾ ಸಹಾಯವಾಣಿ 181, ತುರ್ತು 112, ಕಾನೂನು ನೆರವು 15100. ಫೋನನ್ನು ಬೇರೆಯವರು ನೋಡುತ್ತಾರೆ ಅನ್ನೋ ಅನುಮಾನ ಇದ್ದರೆ ಪಕ್ಕದ ಮನೆಯವರ ಅಥವಾ ಆಶಾ ಕಾರ್ಯಕರ್ತೆಯ ಫೋನಿನಿಂದ ಮಾಡಿ. ಹೊರಡುವ ಹೊತ್ತು, ಹೊರಟ ಮೇಲಿನ ಕೆಲವು ವಾರ ಅಪಾಯ ಜಾಸ್ತಿ. ಒಬ್ಬರಿಗಾದರೂ ಹೇಳಿ ಹೊರಡಿ. ಸ್ವಂತ ಅನುಭವ ಬರೆದವರನ್ನು ಯಾರೂ ಊರು, ಮನೆತನ ಕೇಳಬೇಡಿ.

ಜಗಲಿಕಟ್ಟೆ

ಅಕ್ಕಾ, ನಾನು ಹಾಗೆ ಬರೆಯಬಾರದಿತ್ತು.

ಪುಸ್ತಕದ ಹುಳು

ಸೊಸೆಯಕ್ಕನ ಆ ಗೇರಿನ ಸಂಗತಿ ನಿಮ್ಮ ಒಂದೂವರೆ ಪುಟದ ಹೊಡೆತಕ್ಕಿಂತ ಸಾವಿರ ಪಾಲು ಮೇಲು. ಆದರೆ ಅದು ಅವರದ್ದು. ಕೇಳದೆ ತೆಗೆದುಕೊಳ್ಳಬೇಡಿ.

ಕಂಬಳಿಕೊಪ್ಪೆ

ತೆಗೆದುಕೊಳ್ಳಲ್ಲ. ನಾಲ್ಕು ದಿನ ಏನೂ ಬರೆಯೋಕಾಗಲಿಲ್ಲ. ಹೊಡೆತದ ಒಂದೂವರೆ ಪುಟ ಹರಿದು ಹಾಕಿದೆ. ಕಪ್ಪು ಜಾಕೆಟ್ ಹೋಯಿತು. ಈಗ ಅವನು ಇಡೀ ಪುಸ್ತಕದಲ್ಲಿ ಶಿವಮೊಗ್ಗಕ್ಕೆ ಒಂದೇ ಸಲ ಬರುತ್ತಾನೆ. ಉಳಿದದ್ದೆಲ್ಲ ಜಗಲಿ ಮೇಲೆ ಕೂತೇ. ಕಥೆಯನ್ನು 2023ರ ಏಪ್ರಿಲ್‌ಗೆ ತಂದಿದ್ದೇನೆ. ವಿಧಾನಸಭೆ ಚುನಾವಣೆ, ಕೋವಿ ಠಾಣೆಯಲ್ಲಿ, ಲಾಂಚೂ ಇದೆ. ಹಳೇ ಸೆಕ್ಷನ್ನೇ ಉಳಿಯಿತು. ಆದರೆ ಶಕ್ತಿ ಯೋಜನೆಗೆ ಇನ್ನೂ ಎರಡು ತಿಂಗಳು ಇತ್ತು, ಹಾಗಾಗಿ ಬಸ್ ಚಾರ್ಜಿನ ದುಡ್ಡು ಅವಳೇ ಹೊಂದಿಸಬೇಕು. ಆಧಾರ್ ಜೆರಾಕ್ಸ್ ಈಗ ಬಟ್ಟೆ ಅಂಗಡಿಯ ಕೆಲಸಕ್ಕೆ.

ಅಕ್ಕಾ, ಒಂದು ಕೇಳಲಾ? ಬೇಡ ಅಂದರೆ ಬೇಡ. ನಾಲ್ಕನೇ ಸಲ ಊರಿನವರು ನಿಮ್ಮ ಮನೆಯವರಿಗೆ ಯಾಕೆ ಹೇಳಲಿಲ್ಲ?

ಹೊಸನಗರದ ಸೊಸೆ

ಗೇರಿನ ಶಬ್ದ ಇಟ್ಟುಕೋ ತಮ್ಮಾ, ಪರವಾಗಿಲ್ಲ. ಜೀಪಿನ ಬಣ್ಣ ಬದಲಾಯಿಸು, ಅಷ್ಟೆ.

ನಾಲ್ಕನೇ ಸಲ ಬೆಳಗಿನ ಮೊದಲ ಬಸ್. ಪ್ರೈವೇಟ್. ಆ ಕಂಡಕ್ಟರ್ ನನ್ನನ್ನು ಮದುವೆಯಾದಾಗಿನಿಂದ ನೋಡಿದವರು. ಪ್ರತಿ ಸಲ ಕೇಳುವವರು, ಎಲ್ಲಿಗೆ, ಯಾವಾಗ ವಾಪಸ್, ಮನೆಯವರು ಬರಲಿಲ್ವಾ. ಅವತ್ತು ನನ್ನ ಮುಖ ನೋಡಿದರು, ಚೀಲ ನೋಡಿದರು, ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದ ಮಗು ನೋಡಿದರು. ಏನೂ ಕೇಳಲಿಲ್ಲ. ಶಿವಮೊಗ್ಗದ ಟಿಕೆಟ್ ಹರಿದು ಕೈಗೆ ಕೊಟ್ಟರು. ದುಡ್ಡು ತೆಗೆಯೋಕೆ ಹೋದರೆ ‘ಆಮೇಲೆ ನೋಡುವ’ ಅಂತ ಹಿಂದಿನ ಸೀಟಿಗೆ ಹೋಗಿಬಿಟ್ಟರು.

ಸಂಜೆ ಮನೆಯವರು ಬಸ್‌ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದರಂತೆ. ಕಂಡೇ ಇಲ್ಲ ಅಂದರಂತೆ.

ಕಂಬಳಿಕೊಪ್ಪೆ

ಪುಟ 112 ಮತ್ತೆ ಬರೆದೆ. ಗಂಡ ಅಂಗಡಿಗೆ ಬಂದು, ಬೀಡಿ ತಗೊಂಡು, ‘ನಮ್ಮನೆಯವಳು ಈ ಕಡೆ ಬಂದಿದ್ಲಾ’ ಅಂತ ಕೇಳುತ್ತಾನೆ. ಅಂಗಡಿಯವನು, ‘ಇಲ್ವಲ್ಲ ಹೆಗ್ಡೇರೆ, ಬೆಳಗ್ಗೆಯಿಂದ ಇಲ್ಲೇ ಇದ್ದೀನಿ’ ಅನ್ನುತ್ತಾನೆ. ಅಷ್ಟೇ. ಸರಿಯಾ?

ಹೊಸನಗರದ ಸೊಸೆ

ಮಾತು ಸರಿ. ಆದರೆ ಸುಮ್ನೆ ನಿಲ್ಲಿಸಬೇಡ, ಅವನ ಕೈಗೆ ಏನಾದರೂ ಕೆಲಸ ಕೊಡು. ನಮ್ಮೂರಿನ ಅಂಗಡಿಯವರು ಸುಳ್ಳು ಹೇಳುವಾಗ ತಕ್ಕಡಿ ಒರೆಸುತ್ತಾರೆ.